“ಕೆಟ್ಟಿರೋದ ತೋರ್ಸಿ” ಎಂದ ಮುದ್ದಯ್ಯ

ಶಿಂಷೆಯಿಂದ ಕಾವೇರಿಯವರೆಗಿನ ಸೀಮೆಯಲ್ಲಿ ಆ ಕಾಲಕ್ಕೆ ಯಾರೇ ಯಂತ್ರ ಕೊಳ್ಳಲಿ, ಅದು ಅಕ್ಕಿ ಮಿಲ್ಲಿನದಾಗಲಿ, ಆಲೆಮನೆಯದಾಗಲಿ, ಮೊದಲು ಬೆಳಕವಾಡಿಗೆ ಗಾಡಿ ಕಳಿಸುತ್ತಿದ್ದರು. ಆ ಗಾಡಿಯಲ್ಲಿ ಮುದ್ದಯ್ಯ ಬರುತ್ತಿದ್ದ. ಬಂದವನು ಓಡುತ್ತಿರುವ ಯಂತ್ರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಲವತ್ತು ಮಾರು ದೂರದಲ್ಲಿ ಅದಕ್ಕೆ ಬೆನ್ನು ಹಾಕಿ ನಿಂತು, ಎಲೆಅಡಿಕೆ ಮೆಲ್ಲುತ್ತ, ಒಂದೇ ಮಾತು ಹೇಳುತ್ತಿದ್ದ: “ಇದು ಬುಡಿ. ಕೆಟ್ಟಿರೋದು ಎಲ್ಲದೆ, ಅದ ತೋರ್ಸಿ.”

ಈ ಒಂದು ಮಾತಿನ ಮೇಲೆ ಅವನ ಕೀರ್ತಿಯ ಗೋಪುರ ಎದ್ದು ನಿಂತಿತ್ತು. ಮುದ್ದಯ್ಯ ಬೆನ್ನು ತೋರಿಸಿದರೆ ಯಂತ್ರಗಳು ನಾಚಿಕೊಂಡು ತಮ್ಮ ಒಳರೋಗವನ್ನೆಲ್ಲ ಒಪ್ಪಿಕೊಳ್ಳುತ್ತವೆ ಎಂದು ಮಳವಳ್ಳಿಯವರು ನಂಬಿದ್ದರು. ಮದ್ದೂರಿನ ಹೋಟೆಲುಗಳಲ್ಲಿ ಅದು ಇನ್ನಷ್ಟು ಬೆಳೆದು, ಅವನು ಶಿವನಸಮುದ್ರದ ದಾರಿಯಲ್ಲಿ ನಡೆದುಹೋದರೆ ಅಲ್ಲಿನ ಕರೆಂಟು ಮನೆಯ ಚಕ್ರಗಳು ಗಂಟಲು ಸರಿಮಾಡಿಕೊಳ್ಳುತ್ತವೆ ಎಂಬಲ್ಲಿಗೆ ಬಂದು ಮುಟ್ಟಿತ್ತು. ಒಂದೂವರೆ ಎಕರೆ ಗದ್ದೆಯ, ಹೆಬ್ಬೆಟ್ಟು ಒತ್ತುವ ಮನುಷ್ಯನಿಗೆ ಅಮಲ್ದಾರರಿಗೂ ಸಿಗದ ಮರ್ಯಾದೆ.

ಕೊಪ್ಪದಲ್ಲಿದ್ದ ನನ್ನ ಸೋದರತ್ತೆ ಚಿಕ್ಕನಂಜಮ್ಮನಿಗೆ ಈ ಕೀರ್ತಿ ಕೆಲಸಕ್ಕೆ ಬೇಕಾಯಿತು. ಯುದ್ಧ ಶುರುವಾದ ಮರುವರ್ಷ, ಸೀಮೆಎಣ್ಣೆ ಇನ್ನೂ ಕೈಗೆ ಸಿಗುತ್ತಿದ್ದ ಕಾಲ. ಅತ್ತೆಗೆ ಗಂಡನಿಲ್ಲ. ಗಾಣ ಎಳೆಯುತ್ತಿದ್ದ ಎತ್ತುಗಳೆರಡೂ ಕಾಲುಬಾಯಿ ಜ್ವರಕ್ಕೆ ಹೋದವು. ಹೊಲದಲ್ಲಿ ಮೂರೆಕರೆ ಕಬ್ಬು ನಿಂತಿತ್ತು. ಶಿವರಾತ್ರಿಯೊಳಗೆ ಅರೆಯದಿದ್ದರೆ ಅಷ್ಟೂ ಒಣಗಿ ಸೌದೆ. ಕತ್ತಿನ ಕಾಸಿನ ಸರ ಮಾರಿ ಗಾಣಕ್ಕೆ ಇಂಜಿನ್ನು ತರುವುದೆಂದು ಅತ್ತೆ ಗಟ್ಟಿ ಮಾಡಿಕೊಂಡಳು. ಸರ ಇದ್ದದ್ದು ಒಂದೇ. ಆದ್ದರಿಂದ ಆರಿಸಲು ಸಿಕ್ಕುವುದೂ ಒಂದೇ ಸಲ.

ಊರಿನ ಬುದ್ಧಿವಂತಿಕೆಗೆಲ್ಲ ಯಜಮಾನನಾಗಿದ್ದ ಪಕ್ಕದ ಮನೆಯ ದೊಡ್ಡಸಿದ್ದಯ್ಯ, “ಕರೆಂಟು ಬತ್ತದಂತೆ, ಕಾಯವ್ವ. ಬಟನ್ ಒತ್ತುದ್ರೆ ಗಾಣ ತಿರುಗ್ತದೆ” ಎಂದ.

ಮುದ್ದಯ್ಯ ಆಗತಾನೆ ಅತ್ತೆ ಕಳಿಸಿದ್ದ ಬಾಡಿಗೆ ಗಾಡಿಯಿಂದ ಇಳಿದು ಕಾಲು ತೊಳೆಯುತ್ತಿದ್ದ. “ನಮ್ಮೂರ ತಲೆ ಮೇಲೆ ನಲವತ್ವರ್ಸದಿಂದ ತಂತಿ ಓಯ್ತಾ ಅದೆ ಕಣಯ್ಯ. ಒಂದಿನಾನೂ ಕೆಳಕ್ಕಿಳುದು, ಚೆನ್ನಾಗಿದ್ದೀರಾ ಅಂತ ಕೇಳ್ನಿಲ್ಲ” ಎಂದ. ಕರೆಂಟಿನ ವಿಚಾರ ಅಲ್ಲಿಗೆ ಮುಗಿಯಿತು.

ಮದ್ದೂರಿನ ಶಾಲೆಯಲ್ಲಿ ನಾನು ಹೊಸ ಮೇಷ್ಟ್ರು. ಕಾಗದಪತ್ರ ಓದಲು ಬೇಕೆಂದು ಅತ್ತೆ ನನ್ನನ್ನೂ ಗಾಡಿಗೆ ಹತ್ತಿಸಿಕೊಂಡಳು. ಮಂಡ್ಯದಲ್ಲಿ ಮಹದೇವಯ್ಯ ಎಂಬ ಏಜೆಂಟರ ಅಂಗಡಿ. ಒಳಗೆ ಹಸಿರು ಬಣ್ಣದ ಹೊಸ ಇಂಜಿನ್ನು, ಮದುವೆಗೆ ಹೊರಟ ಹಾಗೆ ಮಿರುಗುತ್ತಿತ್ತು. ಏಜೆಂಟರು ಅದನ್ನು ಓಡಿಸಿ, ಅದರ ನೆತ್ತಿಯ ಮೇಲೆ ತುಂಬಿದ ಮಜ್ಜಿಗೆ ಲೋಟ ಇಟ್ಟರು. ಒಂದು ಹನಿ ತುಳುಕಲಿಲ್ಲ. ಅತ್ತೆಯ ಕಣ್ಣು ಅರಳಿತು. ನನ್ನದೂ ಅರಳಿತು. ತಜ್ಞರು ಎಲ್ಲಿ ಎಂದು ನೋಡಿದರೆ, ರಸ್ತೆಯಾಚೆ ಹೊಂಗೆ ಮರದ ಕೆಳಗೆ ನಮಗೆ ಬೆನ್ನು ಮಾಡಿ ನಿಂತಿದ್ದಾರೆ.

ಏಜೆಂಟರು ಇಂಜಿನ್ನು ನಿಲ್ಲಿಸಿ, ಅಲ್ಲಿಗೇ ಹೋಗಿ ಮಾತಾಡಿಸಿದರು. “ಹೇಗಿದೆ ಯಜಮಾನರೆ?”

“ಕೆಟ್ಟಿರೋದ ತೋರ್ಸಿ ಸೋಮಿ.”

“ನಮ್ಮ ಇಂಜಿನ್ನು ಕೆಡುವುದೇ ಇಲ್ಲ.”

“ಅಂಗಾರೆ ಅದ ಬಿಚ್ಚಿ ನೋಡ್ದೋರೂ ಇಲ್ಲ. ಕೆಟ್ಟ ದಿನ ಯಾರ ಕರೀಲಿ ನಾವು?”

“ಬೊಂಬಾಯಿಗೆ ಕಾಗದ ಬರೆದರೆ ಆರು ವಾರದಲ್ಲಿ ಸಾಮಾನು ಬರುತ್ತೆ.”

ಮುದ್ದಯ್ಯ ಅತ್ತೆಯ ಕಡೆ ತಿರುಗಿದ. “ಕೊಪ್ಪರಿಗೇಲಿರೋ ಕಬ್ಬಿನ ಹಾಲು ಆರು ವಾರ ಕಾದಾತೇನವ್ವ?” ಅತ್ತೆ ಹಸಿರು ಇಂಜಿನ್ನನ್ನು ಇನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಗಾಡಿ ಹತ್ತಿದಳು. ಗಾಡಿ ಮದ್ದೂರಿನ ಕಡೆ ತಿರುಗಿತು.

ಮದ್ದೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಹಿಂದೆ ಜವರಯ್ಯನ ರಿಪೇರಿ ಕೊಟ್ಟಿಗೆ. ಅಲ್ಲೊಂದು ಹಳೆಯ ಸೀಮೆಎಣ್ಣೆ ಇಂಜಿನ್ನು ಕರುಳು ಹೊರಗೆ ಹಾಕಿಕೊಂಡು ಗೋಣಿತಾಟಿನ ಮೇಲೆ ಬಿದ್ದಿತ್ತು. ಬಣ್ಣವೆಂಬುದು ಯಾವ ಕಾಲಕ್ಕೋ ಹೋಗಿ, ಬಾಣಲೆಯ ತಳದಂತಾಗಿತ್ತು. ಅದನ್ನು ಕಂಡ ಮುದ್ದಯ್ಯನ ಮುಖ ನೋಡಬೇಕಿತ್ತು. ಬೀಗರ ಮನೆಯ ಊಟಕ್ಕೆ ಕುಳಿತವನ ಹಾಗೆ ಪಂಚೆ ಮಡಿಸಿ ಕುಕ್ಕರಗಾಲಲ್ಲಿ ಕುಳಿತ.

“ಇದ್ರಲ್ಲಿ ಮೊದ್ಲು ಕೆಡೋದು ಯಾವ್ದ್ಲಾ?”

“ಈ ಪಿನ್ನು ಕಣಣ್ಣೋ. ವರ್ಸಕ್ಕೆ ಎಲ್ಡು ಸಲ ಮುರೀತದೆ” ಎಂದ ಜವರಯ್ಯ.

“ಮುರುದ್ರೆ?”

“ಗಾಡಿ ಕಡಾಣಿ ಬಡ್ದು ನಾನೇ ಮಾಡ್ಕೊಡ್ತೀನಿ. ನೀ ಒಂದು ಮುದ್ದೆ ಉಣ್ಣೋ ಒತ್ತು.”

ಅತ್ತೆ ಮುಂದೆ ಬಂದಳು. “ನಂಗೂ ಒಂದ್ಸಲ ಬಿಚ್ಚಿ ಹಾಕಿ ತೋರ್ಸಪ್ಪ.”

“ಕೈಗೆ ಎಣ್ಣೆ ಮೆತ್ಕತದೆ ಕಣಮ್ಮ.”

“ಸಗಣಿ ತಟ್ಟೋ ಕೈ ಇದು. ತೋರ್ಸು.”

ಮಧ್ಯಾಹ್ನವೆಲ್ಲ ಆ ಮೂವರು ಬಿಚ್ಚಿದರು, ಹಾಕಿದರು. ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಇದನ್ನು ನೋಡಿದರು. ಸಂಜೆಗೆ ಕಾಸಿನ ಸರದ ಬದಲಿಗೆ ಆ ಕರಿ ಇಂಜಿನ್ನೂ ಎರಡು ಪಿನ್ನೂ ನಮ್ಮ ಗಾಡಿಯಲ್ಲಿದ್ದವು. ಪಿನ್ನುಗಳನ್ನು ಅತ್ತೆ ರಾಗಿ ಮಡಕೆಯಲ್ಲಿ ಹುದುಗಿಸಿಟ್ಟಳು.

“ಸರ ಕೊಟ್ಟು ಗುಜರಿ ತಂದ್ಯಲ್ಲವ್ವ” ಎಂದು ದೊಡ್ಡಸಿದ್ದಯ್ಯ ಮರುಗಿದ. ಅತ್ತೆ ಬರಿದಾದ ಕತ್ತನ್ನು ಆಗಾಗ ಮುಟ್ಟಿಕೊಳ್ಳುತ್ತಿದ್ದಳು, ಅಷ್ಟೆ.

ಗಾಣ ಶುರುವಾಯಿತು. ಆ ಇಂಜಿನ್ನಿನ ಡುಬ್‌ಡುಬ್ ಸದ್ದು, ಒಲೆಗೆ ತುಂಬುವ ಸೋಗೆಯ ಹೊಗೆ, ಕಬ್ಬಿನ ಜಲ್ಲೆಯ ತುದಿಗೆ ಮೆತ್ತಿಕೊಂಡು ನೆಕ್ಕುತ್ತಿದ್ದ ಬಿಸಿ ಬೆಲ್ಲ: ಈಗ ಎಲ್ಲೇ ಬೆಲ್ಲ ಕಾಯುವ ವಾಸನೆ ಬಂದರೂ ನಾನು ಒಂದು ಗಳಿಗೆ ಕೊಪ್ಪದಲ್ಲಿರುತ್ತೇನೆ. ಗಾಣ ಮುಗಿಯುವವರೆಗೂ ಇರಬೇಕೆಂದು ಅತ್ತೆ ಮುದ್ದಯ್ಯನನ್ನು ಉಳಿಸಿಕೊಂಡಿದ್ದಳು. ಅವನು ಮಾತ್ರ ಆಲೆಮನೆಗೆ ಕಾಲಿಡದೆ, ಎರಡು ಗದ್ದೆಯಾಚೆ ಹುಣಸೆಮರದ ಬುಡದಲ್ಲಿ ಬೀಡುಬಿಟ್ಟ. ಅದು ತಪಸ್ಸು ಎಂದು ಊರು ತೀರ್ಮಾನಿಸಿತು.

ಒಂಬತ್ತನೆಯ ದಿನ ಇಂಜಿನ್ನು ಕೆಮ್ಮಿ ನಿಂತಿತು. ಕೊಪ್ಪರಿಗೆ ಅರ್ಧ ತುಂಬಿತ್ತು. ಕಡಿದ ಕಬ್ಬು ಎದೆಯೆತ್ತರ ಬಿದ್ದಿತ್ತು. ದೊಡ್ಡಸಿದ್ದಯ್ಯ ಬಾಯಿ ತೆರೆಯುವಷ್ಟರಲ್ಲಿ, ಹುಣಸೆಮರದಿಂದ ಮುದ್ದಯ್ಯ ಮದುವಣಿಗನ ಹಾಗೆ ನಗುತ್ತ ಬಂದ. ನೇರ ಒಳಕ್ಕೆ ನುಗ್ಗಿ ಇಂಜಿನ್ನಿಗೆ ಮೊಣಕಾಲು ತಾಗಿಸಿ ಕುಳಿತ. ಅತ್ತೆ ಆಗಲೇ ರಾಗಿ ಮೆತ್ತಿದ ಪಿನ್ನು ಹಿಡಿದು ನಿಂತಿದ್ದಳು. ಅವನು ಬೆರಳು ತೋರಿಸಿದ. ಅವಳು ಬಿಚ್ಚಿದಳು, ಮುರಿದದ್ದನ್ನು ಕಿತ್ತಳು, ಹೊಸದನ್ನು ಬಡಿದಳು. ಕೊಪ್ಪರಿಗೆಯ ಹಾಲು ಆರುವ ಮೊದಲೇ ಚಕ್ರ ತಿರುಗಿಸಿದಳು. ಡುಬ್ ಎಂದಿತು. ನಾನು ಶಹಬ್ಬಾಸ್ ಹೇಳಲು ತಿರುಗಿದರೆ ಮುದ್ದಯ್ಯನಿಲ್ಲ. ಆಗಲೇ ಹುಣಸೆಮರ ಸೇರಿದ್ದಾನೆ.

“ಒಗಳಿಸ್ಕೊಳಾಕೂ ನಿಲ್ನಿಲ್ವಲ್ಲೋ” ಎಂದು ದೊಡ್ಡಸಿದ್ದಯ್ಯ ಆ ದಿಕ್ಕಿಗೆ ಕೈಮುಗಿದ. ಶಿವರಾತ್ರಿಗೆ ಎರಡು ದಿನ ಮೊದಲೇ ಹೊಲ ಖಾಲಿಯಾಗಿ, ಅಟ್ಟದ ತುಂಬ ಅಚ್ಚು ಬೆಲ್ಲ ಕುಳಿತಿತ್ತು.

ನಲವತ್ತೇಳರ ಸಂಕ್ರಾಂತಿಗೆ ಮುದ್ದಯ್ಯ ಎಳ್ಳುಬೆಲ್ಲಕ್ಕೆಂದು ಅತ್ತೆಯ ಮನೆಗೆ ಬಂದಿದ್ದ. ಹಿತ್ತಲಿನಾಚೆ ಅದೇ ಕರಿ ಇಂಜಿನ್ನು ಡುಬ್‌ಡುಬ್ ಎನ್ನುತ್ತಿತ್ತು; ಅತ್ತೆಯ ಕತ್ತಿನಲ್ಲಿ ಹೊಸ ಸರವಿತ್ತು. ಬೀದಿಕಡೆಯ ಜಗಲಿಯ ತುತ್ತತುದಿಯಲ್ಲಿ ಕುಳಿತಿದ್ದ ಅವನ ಪಕ್ಕಕ್ಕೆ ನಾನು ಹೋಗಿ ಕುಳಿತೆ. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ. “ಮುದ್ದಣ್ಣ, ಕೆಟ್ಟಿರೋದನ್ನೇ ನೋಡಿ ಆರಿಸೋ ಈ ವಿದ್ಯೆ ನಿಂಗೆ ಯಾವ ಗುರು ಕೊಟ್ಟ?”

ಅವನು ಎಳ್ಳು ಅಗಿಯುವುದನ್ನು ನಿಲ್ಲಿಸಿ, ಹಿತ್ತಲ ಕಡೆ ಒಮ್ಮೆ ಕಿವಿಗೊಟ್ಟು, ಇನ್ನೂ ಒಂದು ಗೇಣು ಆಚೆಗೆ ಸರಿದ.

“ಯಾವ ಗುರೂ ಇಲ್ಲ ಕಣ್ ಮೇಷ್ಟ್ರೆ. ಮಳವಳ್ಳಿ ಅಕ್ಕಿ ಮಿಲ್ನಲ್ಲಿ ಒಂದ್ಸಲ ಬೆಲ್ಟು ನನ್ ಪಂಚೆ ಕಿತ್ಕೊಂಡು ಓಯ್ತು. ಅವತ್ತಿಂದ ಓಡೋ ಮಿಸನ್ನು ಅಂದ್ರೆ ಎದ್ರಿಕೆ. ನಿಂತಿರೋದಾದ್ರೆ ಏನೂ ಮಾಡಾಕಿಲ್ಲ.”