ಬಾಗಿಲು ಹಾಕದ ಬಣ್ಣದಕ್ಕ

ಬಣ್ಣದಕ್ಕ ಬೀದಿ ಬಾಗಿಲು ತೆರೆದಿಟ್ಟು ಚಿತ್ರ ಬರೆಯುವುದು ನಾಲ್ಕು ಜನ ನೋಡಿ ಹೊಗಳಲಿ ಎಂದೇ ಇರಬೇಕೆಂದು ಎದುರುಮನೆಯ ನಿವೃತ್ತ ಸಾಹೇಬರು ಬಹಳ ಕಾಲ ನಂಬಿದ್ದರು. ಬಣ್ಣದ ವಾಸನೆ ಎಂದು ದೂರಿದರೆ, "ಮೂಗೂ ನಿಮ್ಮದೇ, ಕಿಟಕೀನೂ ನಿಮ್ಮದೇ, ಯಾವುದಾದ್ರೂ ಒಂದು ಮುಚ್ಕೊಳ್ಳಿ ಸಾಹೇಬ್ರೇ" ಎನ್ನುತ್ತಿದ್ದಳು. ಸೆರಗಿಗೇ ಕುಂಚ ಒರೆಸುವ ಈಕೆ ಬರೆಯುತ್ತಿದ್ದುದು ದೌರ್ಜನ್ಯದಿಂದ ಪಾರಾಗಿ ಬಂದ ಹುಡುಗಿಯರನ್ನು ಮಾತ್ರ. ಅದೂ ಆಳೆತ್ತರಕ್ಕೆ, ರಾಣಿಯರ ಹಾಗೆ. ಒಬ್ಬಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರೆ, ಇನ್ನೊಬ್ಬಳು ನೋಡುವವರನ್ನೇ ಗದರುವಂತೆ ಕಣ್ಣು ಬಿಟ್ಟಿದ್ದಳು. ಒಂದು ಮಧ್ಯಾಹ್ನ ಸಾಹೇಬರು ಉಪಕಾರ ಮಾಡುವ ಗತ್ತಿನಲ್ಲಿ ಆ ಬಾಗಿಲನ್ನು ತಾವೇ ಎಳೆದು ಹಾಕಿದರು. ಒಳಗೆ ಕುರ್ಚಿ ಉರುಳಿತು. ಚಿತ್ರಕ್ಕೆ ಕೂತಿದ್ದ ಹುಡುಗಿ ಓಡಿಬಂದು ಬಾಗಿಲು ತೆರೆದು, ಹೊಸ್ತಿಲಲ್ಲಿ ಏದುಸಿರು ಬಿಡುತ್ತ ನಿಂತಳು. "ಬಾಗಿಲು ಹಾಕಿದ ಕೋಣೇಲಿ ಇವರು ಕೂರಲ್ಲ" ಎಂದಷ್ಟೇ ಹೇಳಿ ಬಣ್ಣದಕ್ಕ ಕುರ್ಚಿ ಎತ್ತಿಟ್ಟಳು. ಹುಡುಗಿ ಮತ್ತೆ ಹೋಗಿ ಕೂತಳು, ಗಲ್ಲ ಎತ್ತಿ. ಪೆಚ್ಚಾದ ಸಾಹೇಬರು ಗೋಡೆಯ ಚಿತ್ರಗಳನ್ನು ನೋಡುತ್ತ, ಏನಾದರೂ ಕೇಳಲೇಬೇಕಲ್ಲ ಎಂದು ಕೇಳಿದರು: "ಅಲ್ಲಮ್ಮಾ, ಇಷ್ಟು ಕಷ್ಟಪಟ್ಟೋರಲ್ಲಿ ಅಳ್ತಿರೋಳು ಒಬ್ಬಳೂ ಇಲ್ವಾ? ನೋಡೋರಿಗೆ ಕನಿಕರ ಬರ್ಬೇಡ್ವಾ?" ಬಣ್ಣದಕ್ಕ ಹೇಳಿದಳು: "ಅತ್ತು ಮುಗಿಸಿಯೇ ಇವರು ಇಲ್ಲಿಗೆ ಬಂದಿರೋದು. ನಿಮಗೆ ಅಳೋ ಮುಖಾನೇ ಬೇಕಾದ್ರೆ ನೀವು ಕೂತು ಅಳಿ, ಬರ್ಕೊಡ್ತೀನಿ."