ಅಮ್ಮನ ಅಂಗೈಗೆ ನೀರು

ತಾಳೆಮರದ ತುದಿಯಿಂದ ಬಿದ್ದ ಮೇಲೆ ಪ್ರಯೂನನಿಗೆ ಕತ್ತಿನಿಂದ ಕೆಳಗೆ ಸ್ವಾಧೀನವೇ ಉಳಿಯಲಿಲ್ಲ. ಫೆಚ್ಚಬುರಿಯ ಸುತ್ತಮುತ್ತ ಅವನಷ್ಟು ಚುರುಕಾಗಿ ತಾಳೆರಸ ಇಳಿಸುವವರಿರಲಿಲ್ಲ. ಈಗ ಮೂತಿಯ ಮೇಲಿನ ನೊಣ ಓಡಿಸಲೂ ಅಮ್ಮ ಸಾಯ್‌ಬುವಾಳೇ ಬೇಕು. ವಿಧಿಗೆ ಕಣ್ಣಿಲ್ಲ ಅನ್ನುತ್ತಾರೆ. ನನ್ನನ್ನು ಕೇಳಿದರೆ ಅದಕ್ಕೆ ಕರುಳೇ ಇಲ್ಲ.

ವಿಶ್ವವಿದ್ಯಾಲಯದಿಂದ ಬಂದ ಕೇಮಿಕಾ ಎಂಬ ಹುಡುಗಿ ಅವನ ತಲೆಗೆ ತಂತಿಗಳ ಟೋಪಿ ತೊಡಿಸಿ, ಪಕ್ಕದಲ್ಲೊಂದು ಯಂತ್ರದ ಕೈ ನಿಲ್ಲಿಸಿದಳು.

"ಅಣ್ಣಾ, ಕೈ ತಿರುಗಿಸ್ತಿದೀನಿ ಅಂತ ಮನಸ್ಸಲ್ಲೇ ಅಂದ್ಕೊಳ್ಳಿ. ಮಿಕ್ಕಿದ್ದು ಯಂತ್ರ ನೋಡ್ಕೊಳ್ಳುತ್ತೆ."

ರಸ ತುಂಬಿದ ಬಿದಿರಿನ ಕೊಳವೆಯನ್ನು ಬಾಣಲೆಗೆ ಬಗ್ಗಿಸುವುದನ್ನು ಪ್ರಯೂನ್ ನೆನೆದ. ಯಂತ್ರದ ಕೈ ತಾನು ಹಿಡಿದಿದ್ದ ಬಟ್ಟಲು ಬಗ್ಗಿಸಿ ಅವನ ಮಡಿಲಿಗೇ ನೀರು ಸುರಿಯಿತು.

"ಮರ ಹತ್ತೋ ಕೋತಿ ಉಚ್ಚೆ ಹೊಯ್ಕೊಂಡ!" ಎಂದು ಅಮ್ಮ ಬಿದ್ದು ಬಿದ್ದು ನಕ್ಕಳು.

ಅವನಿಗೆ ಬೇಕಿದ್ದದ್ದು ಒಂದೇ. ಹೊಸವರ್ಷದ ಸೋಂಗ್‌ಕ್ರಾನ್ ಹಬ್ಬದಲ್ಲಿ ಎಲ್ಲ ಮಕ್ಕಳಂತೆ ತಾಯಿಯ ಅಂಗೈಗೆ ಮಲ್ಲಿಗೆ ನೀರು ಸುರಿದು ಆಶೀರ್ವಾದ ಪಡೆಯಬೇಕು. ಬಿದ್ದಾಗಿನಿಂದ ಆ ದಿನವನ್ನು ಅವನು ಕಣ್ಣು ಮುಚ್ಚಿಕೊಂಡೇ ಕಳೆಯುತ್ತಿದ್ದ.

ಬೇಸಗೆ ಕಾಲಿಡುವಷ್ಟರಲ್ಲಿ ಹೂಕುಂಡಕ್ಕೆ ಹನಿ ಆಚೀಚೆ ಚೆಲ್ಲದಂತೆ ಸುರಿಯುವುದು ರೂಢಿಯಾಯಿತು.

"ಅಮ್ಮಾ, ಒಂದ್ಸಲ ಕೈ ಒಡ್ಡು. ನೋಡೇಬಿಡೋಣ."

ಅಮ್ಮ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. "ಹೋಗೋ! ಹಬ್ಬ ಇಲ್ದೆ ಅಂಗೈಗೆ ನೀರು ಬಿಡೋದು ಹೆಣಕ್ಕೆ. ಹಬ್ಬ ಬರ್ಲಿ. ಏನಂತ ಹರಸ್ಬೇಕು ಅಂತ ಯೋಚಿಸಿಟ್ಟಿದೀನಿ."

"ಏನಮ್ಮ ಅದು?"

"ಈಗ್ಲೇ ಹೇಳಿದ್ರೆ ಹಬ್ಬಕ್ಕೆ ಏನ್ ಹೇಳ್ಲಿ? ಬಾಯ್ಮುಚ್ಕೊಂಡು ಅಭ್ಯಾಸ ಮಾಡು."

ಹಬ್ಬಕ್ಕೆ ಇನ್ನೊಂದು ವಾರವಿದ್ದಾಗ, ಬೆಲ್ಲದ ಒಲೆಯ ಮುಂದೆ ಕುಳಿತಿದ್ದ ಸಾಯ್‌ಬುವಾ ಕೂತಲ್ಲೇ ಒರಗಿದಳು. ಕಣ್ಣೆದುರೇ ನಡೆದರೂ ಪ್ರಯೂನನಿಂದ ಕೂಗಿಕೊಳ್ಳಲಷ್ಟೇ ಆಯಿತು. ನೆರೆಯವರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಊರಿನ ಬೌದ್ಧ ವಿಹಾರದ ಚಾವಡಿಯಲ್ಲಿ ಅವಳನ್ನು ಮಲಗಿಸಿ, ಬಲಗೈಯನ್ನು ಬೋಗುಣಿಯ ಮೇಲೆ ಚಾಚಿಟ್ಟರು. ಬಂದವರೆಲ್ಲ ಆ ಅಂಗೈಗೆ ನೀರು ಬಿಟ್ಟು, ತಪ್ಪಾಗಿದ್ದರೆ ಕ್ಷಮಿಸು ಎಂದು ಬೇಡಿ ಸರಿದರು. ಕೇಮಿಕಾ ಯಂತ್ರವನ್ನು ತಂದಿದ್ದಳು.

"ಅಣ್ಣಾ, ಮನಸ್ಸು ಕದಡಿದ್ರೆ ಯಂತ್ರಕ್ಕೆ ಏನೂ ತಿಳಿಯಲ್ಲ. ಬೇಡ್ವೇನೋ..."

"ಟೋಪಿ ಹಾಕು ತಂಗಿ."

ಅವನ ಎದೆ ಒಡೆದುಹೋಗಿತ್ತು. ಆದರೂ ಹಲ್ಲು ಕಚ್ಚಿ ಬಿದಿರಿನ ಕೊಳವೆಯನ್ನು ನೆನೆದ. ಯಂತ್ರದ ಕೈ ಎದ್ದಿತು, ಬಟ್ಟಲು ನಿಧಾನವಾಗಿ ಬಗ್ಗಿತು. ಮಲ್ಲಿಗೆ ನೀರು ಒಂದು ಹನಿಯೂ ಚೆಲ್ಲದೆ ಅಮ್ಮನ ಅಂಗೈಯ ನಡುವೆ ಬಿದ್ದು, ಬೆರಳುಗಳ ಸಂದಿಯಿಂದ ಇಳಿದುಹೋಯಿತು.

ಜನ ಕೈಮುಗಿದರು. ಕೇಮಿಕಾ ಕಣ್ಣೊರೆಸಿಕೊಂಡು ಟೋಪಿ ಬಿಚ್ಚಲು ಬಂದಳು.

"ಸ್ವಲ್ಪ ಇರು ತಂಗಿ," ಎಂದ ಪ್ರಯೂನ್. "ಅಮ್ಮ ಏನೋ ಹೇಳ್ಬೇಕಿತ್ತು."