ಡೆರೆಕ್‌ನ ವೋಟಿಗೆ ನಾನೇ ಸಾಕ್ಷಿ

ಕಳೆದ ಶುಕ್ರವಾರ ಕುವೈತಿನ ರುಮೈಥಿಯಾದ ಒಂದು ಮನೆಯ ಹಾಲಿನಲ್ಲಿ ನಮ್ಮ ಕನ್ನಡ ಸಂಘದ ಚುನಾವಣೆ ನಡೆಯಿತು. ಅಧ್ಯಕ್ಷರಾಗಲು ಇಬ್ಬರು, ಬಿರಿಯಾನಿ ತಿನ್ನಲು ತೊಂಬತ್ತು ಜನ. ಕಾರ್ಯದರ್ಶಿ ರೋಶನ್, ಮಂಗಳೂರಿನವರು, ಮತಚೀಟಿಗಳ ಕಟ್ಟನ್ನೂ ಸಂಘದ ದುಂಡು ಸೀಲನ್ನೂ ನನ್ನ ಮುಂದೆ ತಂದಿಟ್ಟರು. "ಸರ್, ನೀವು ಹಿರಿಯರಲ್ವಾ, ಎಲ್ಲದಕ್ಕೂ ಒಂದೊಂದು ಸೀಲ್ ಹಾಕಿ ಬಿಡಿ ಮಾರಾಯ್ರೆ" ಎಂದರು. ಪ್ಯಾಡಿನ ಮುಚ್ಚಳ ತೆಗೆದೆ. ಆ ನೇರಳೆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ತಾನಾಗಿ ಹಿಂದಕ್ಕೆ ಸರಿಯಿತು. ಬೇರೆ ಯಾರಿಗಾದರೂ ಕೊಡಿ ಎಂದುಬಿಟ್ಟೆ. ಜನ ಗತ್ತು ಎಂದುಕೊಂಡರು. ಗತ್ತಲ್ಲ, ಹೆದರಿಕೆ. ಕಾರಣ ನಿಮಗೆ ಮಾತ್ರ ಹೇಳುತ್ತೇನೆ.

ಎರಡು ಸಾವಿರದ ಐದರಲ್ಲಿ ಇಲ್ಲಿನ ಎಣ್ಣೆ ಪಟ್ಟಣ ಅಹ್ಮದಿಯ ಆಫೀಸಿನಲ್ಲಿ ನನ್ನ ಎದುರು ಮೇಜಿನವನು ಡೆರೆಕ್. ಇಂಗ್ಲೆಂಡಿನವನು, ಪೈಪ್‌ಲೈನ್ ಎಂಜಿನಿಯರ್. ಪೈಪಿನ ಬಗ್ಗೆ ಕೇಳಿದರೆ ಒಂದು ವಾಕ್ಯ ಆಡುತ್ತಿದ್ದ. ತನ್ನೂರಿನ ಪಾರ್ಲಿಮೆಂಟ್ ಸೀಟಿನ ಬಗ್ಗೆ ಕೇಳಿದರೆ ಊಟದ ಹೊತ್ತು ಪೂರ್ತಿ ಮುಗಿಯುತ್ತಿತ್ತು. ಆ ಸೀಟು ಒಂದು ಸಲ ಕೆಂಪು ಪಕ್ಷದ ಕಡೆ ವಾಲಿದರೆ ಇನ್ನೊಂದು ಸಲ ನೀಲಿ ಪಕ್ಷದ ಕಡೆ. ಸೋಲುಗೆಲುವಿನ ನಡುವೆ ಇರುವುದು ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಜನ.

ನನಗೆ ಇಂಥ ಮಾತೆಂದರೆ ಪ್ರಾಣ. ಮದ್ದೂರಿನ ಕಡೆಯ ನನ್ನ ಸೋದರಮಾವ ಬೀಡಿ ಮುಗಿಯುವುದರೊಳಗೆ ಇಡೀ ತಾಲ್ಲೂಕಿನ ಜಾತಿವಾರು ವೋಟು ಎಣಿಸಿಬಿಡುತ್ತಿದ್ದ. ಆ ರಕ್ತ ನನ್ನದು. "ನಿಮ್ಮಲ್ಲಿ ಯಾವ ಬೀದಿ ಯಾವ ಜನಾಂಗದ್ದು?" ಎಂದು ಕೇಳಿದೆ. ಡೆರೆಕ್ ಮುಖ ಕೆಂಪಾಯಿತು. "ನಮ್ಮಲ್ಲಿ ಅದೆಲ್ಲ ಇಲ್ಲ" ಎಂದ. ಆಮೇಲೆ ಸ್ಯಾಂಡ್‌ವಿಚ್ ಬಿಚ್ಚುತ್ತ, ಮುನ್ಸಿಪಾಲಿಟಿ ಮನೆಗಳವರು ಕೆಂಪು, ಬೇಲಿಗಿಡ ಕತ್ತರಿಸುವ ನಿವೃತ್ತರು ನೀಲಿ, ಹಳೆಯ ಮಿಲ್ಲಿನ ಹಿಂದಿನವರು ಪಬ್ಬಿನ ಯಜಮಾನ ಹೇಳಿದ ಕಡೆ, ಹೊಸ ಬಡಾವಣೆಯ ಎರಡು ಕಾರಿನವರನ್ನು ಮಾತ್ರ ನಂಬುವಂತಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ನನ್ನ ಸೋದರಮಾವನೇ ಟೈ ಕಟ್ಟಿಕೊಂಡು ಕೂತ ಹಾಗಿತ್ತು.

ಈ ವಿದ್ಯೆ ಅವನಿಗೆ ಬಂದದ್ದು ಅಪ್ಪನಿಂದ. ಬಸ್ ಡ್ರೈವರಾಗಿ ನಿವೃತ್ತನಾದ ಆ ಮುದುಕ ಪ್ರತಿ ಚುನಾವಣೆಗೂ ಕೆಂಪು ಪಕ್ಷದ ಪರವಾಗಿ ಮನೆಮನೆ ಬಾಗಿಲು ತಟ್ಟಿ, ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೂ ನಮ್ಮವರು, ಆ ಕಡೆಯವರು, ಸಂಶಯ ಎಂದು ಪೆನ್ಸಿಲಿನಲ್ಲಿ ಬರೆಯುತ್ತಿದ್ದನಂತೆ. "ನನ್ನ ಹೆಸರಿನ ಮುಂದೆ ಏನಿದೆ ಗೊತ್ತಾ? ಸಂಶಯ! ಸ್ವಂತ ಮಗ ನಾನು!" ಎಂದು ಡೆರೆಕ್ ಕೊರಗುತ್ತಿದ್ದ. ತಪ್ಪು ಅಂಚೆಯದು. ಕುವೈತಿಗೆ ಅವನ ಮತಪತ್ರ ಬರುವಷ್ಟರಲ್ಲಿ ಅಲ್ಲಿ ಎಣಿಕೆಯೇ ಮುಗಿದಿರುತ್ತಿತ್ತು. ದೇಶ ಬಿಟ್ಟು ಹದಿನೈದು ವರ್ಷ ದಾಟಿದರೆ ಅವರ ಕಾನೂನಿನಲ್ಲಿ ವೋಟೂ ಖಲಾಸ್. ಡೆರೆಕ್‌ಗೆ ಆಗಲೇ ಹದಿನಾಲ್ಕಾಗಿತ್ತು. ಫಿಲಿಪೀನ್ಸಿನ ಹೆಂಡತಿಯ ಊರಿನಲ್ಲಿ ಮನೆಯನ್ನೂ ಕಟ್ಟಿಸುತ್ತಿದ್ದ. ಅಪ್ಪನ ಪುಸ್ತಕದಲ್ಲಿ 'ನಮ್ಮವನು' ಆಗಲು ಇದ್ದದ್ದು ಇದೊಂದೇ ಅವಕಾಶ.

ಆ ಸಲ ಮತಪತ್ರ ಸರಿಯಾದ ಸಮಯಕ್ಕೆ ಬಂತು. ಜೊತೆಗೊಂದು ಘೋಷಣಾಪತ್ರ, ಅದಕ್ಕೆ ಒಬ್ಬ ಸಾಕ್ಷಿ ಸಹಿ ಮಾಡಬೇಕು. "ನೀನೇ ಮಾಡು" ಎಂದ. ನಮ್ಮೂರಿನ ಮತದಾರರ ಪಟ್ಟಿಯಿಂದ ನನ್ನ ಹೆಸರು ಎಂದೋ ಹಾರಿಹೋಗಿತ್ತು. ಬ್ರಿಟಿಷರ ಪಾರ್ಲಿಮೆಂಟಿಗಾದರೂ ಬೇಕಾದೆನಲ್ಲ ಎಂದು ಎದೆಯುಬ್ಬಿಸಿ ಕೂತೆ. ಡೆರೆಕ್ ನನಗೆ ಬೆನ್ನು ತಿರುಗಿಸಿ ಗುರುತು ಹಾಕಿ, ಪತ್ರ ಮಡಚಿ ನನ್ನ ಮೇಜಿನ ಮೇಲಿಟ್ಟು, ಕೊರಿಯರ್‌ನವನನ್ನು ಕರೆತರಲು ಕೆಳಗೆ ಹೋದ.

ನಾನು ಸಹಿ ಮಾಡಿದೆ. ಆದರೆ ಬರೀ ಸಹಿಗೆ ಬೆಲೆ ಎಲ್ಲಿದೆ ಹೇಳಿ? ತಾಲ್ಲೂಕು ಕಚೇರಿಯಲ್ಲಿ ಹುಟ್ಟಿದ ದಿನಾಂಕಕ್ಕೂ ಸೀಲು ಬೇಕು, ಕುವೈತಿನಲ್ಲಿ ರಜೆ ಚೀಟಿಗೂ ಬೇಕು. ವಿಭಾಗದ ದುಂಡು ಸೀಲನ್ನು ಘೋಷಣಾಪತ್ರಕ್ಕೆ ಒತ್ತಿದೆ. ಪಕ್ಕದಲ್ಲಿ ಮತಪತ್ರದ ಬೆನ್ನು ಖಾಲಿ ಕಂಡಿತು. ಪಾಪ, ವಾಪಸ್ ಕಳಿಸಿಬಿಟ್ಟಾರು ಎಂದು ಅದಕ್ಕೂ ಒಂದು ಒತ್ತಿ, ಲಕೋಟೆಗೆ ತುರುಕಿ, ಅಂಟಿಸಿದೆ.

ಕೊರಿಯರ್ ಹೋದ ಮೇಲೆ ಮೇಜಿನ ಮೇಲೆ ಉಳಿದಿದ್ದ ಸೂಚನೆಯ ಹಾಳೆ ಓದಿದೆ. ಮತದಾರ ಯಾರೆಂದು ಗೊತ್ತಾಗುವ ಯಾವ ಗುರುತು ಇದ್ದರೂ ಮತ ತಿರಸ್ಕೃತ. ಅಹ್ಮದಿ ಎಂದು ದಪ್ಪಕ್ಷರದಲ್ಲಿ ಬರೆದ ಸೀಲು! ಆ ಊರಿನ ಮತದಾರರಲ್ಲಿ ಅಹ್ಮದಿಯವರು ಇನ್ನೆಷ್ಟು ಜನ ಇದ್ದಾರು? ಸಂಜೆ ಹೆಂಡತಿಗೆ ಹೇಳಿದರೆ, "ಅಲ್ರೀ, ನಿಮ್ಮನ್ನ ಸಹಿ ತಾನೇ ಕೇಳಿದ್ದು?" ಎಂದಳು.

ಮುಂದಿನ ವಾರವೆಲ್ಲ ನನ್ನದು ಒಂದೇ ಪ್ರಾರ್ಥನೆ: ಯಾರಾದರೂ ಗೆಲ್ಲಲಿ, ದೊಡ್ಡ ಅಂತರದಿಂದ ಗೆಲ್ಲಲಿ. ಎರಡು ಸಲ ಎಣಿಸಿ ಫಲಿತಾಂಶ ಕೊಟ್ಟರು. ಕೆಂಪು ಪಕ್ಷ ಮೂವತ್ತೆಂಟು ವೋಟಿನಿಂದ ಗೆದ್ದಿತ್ತು. ಡೆರೆಕ್ ಆಫೀಸಿಗೆ ಕೇಕ್ ತಂದ. "ಮೂವತ್ತೆಂಟರಲ್ಲಿ ಒಂದು ನನ್ನದು! ಅಪ್ಪ ಪುಸ್ತಕದಲ್ಲಿ 'ಸಂಶಯ' ಅಳಿಸಿ, 'ನಮ್ಮವನು' ಎಂದು ಪೆನ್ನಿನಲ್ಲಿ ಬರೆದನಂತೆ. ಇವನೇ ಸಾಕ್ಷಿ!" ಎಂದು ನನ್ನ ಬೆನ್ನು ತಟ್ಟಿದ. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಎರಡು ತುಂಡು ಕೇಕ್ ತಿಂದೆ. ನಾಚಿಕೆಯಿಂದ ಸಾಯುವಂತಾಗಿತ್ತು, ಆದರೂ ತಿಂದೆ.

ಡೆರೆಕ್ ಕುವೈತ್ ಬಿಟ್ಟು ಎಷ್ಟೋ ವರ್ಷವಾಯಿತು. ಈಗಲೂ ಅಲ್ಲಿ ಚುನಾವಣೆ ಬಂದಾಗೆಲ್ಲ ಬೀದಿವಾರು ಲೆಕ್ಕದ ಮೇಲ್ ಬರುತ್ತದೆ. ನಾನು ಮಾತ್ರ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಸಂಘದ ಚುನಾವಣೆಯ ಆ ಶುಕ್ರವಾರ ಮನೆಗೆ ಬಂದವನೇ, ಶರಟನ್ನೂ ಬದಲಾಯಿಸದೆ, ಎಲ್ಲವನ್ನೂ ಬರೆದು ಕಳಿಸಿದೆ. ಕ್ಷಮಿಸು ಎಂದು ಮೂರು ಸಲ ಬರೆದಿದ್ದೆ.

ಸಂಜೆಯೊಳಗೆ ಉತ್ತರ ಬಂತು. "ದುಷ್ಟ! ನಿನ್ನನ್ನು ಎದುರಿಗೆ ಸಿಕ್ಕಾಗ ವಿಚಾರಿಸಿಕೊಳ್ಳುತ್ತೇನೆ. ಅಪ್ಪನಿಗೆ ಈಗ ತೊಂಬತ್ತೊಂದು. ನೋಡಲು ಬಂದ ನರ್ಸಿಗೂ ಆ ಪುಟ ತೆಗೆದು ತೋರಿಸುತ್ತಾನೆ. ಅವನು ಇರುವವರೆಗೆ ನನ್ನ ವೋಟು ಬಿದ್ದಿದೆ. ನೀನು ಸಾಕ್ಷಿ."

ಹೌದು, ಬಿದ್ದಿದೆ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ.